ವೈಡ್ ಹಾಕಿದರೆ ಎಲ್ಲರೂ ಬರುತ್ತಾರೆಯೇ?

ಮದುವೆ ವಿಡಿಯೊ ವಿಮರ್ಶೆಗೆ ತಕ್ಕ ವಸ್ತು ಎಂದು ನಮ್ಮಲ್ಲಿ ಹೆಚ್ಚಿನವರು ಒಪ್ಪುವುದಿಲ್ಲ. ಅದನ್ನು ತಮಾಷೆ ಮಾಡುವುದು ಸುಲಭ. ಗುಲಾಬಿ ಹೂವಿನೊಳಗಿಂದ ಅರಳಿ ಬರುವ ಮದುಮಕ್ಕಳ ಮುಖ, ಹೃದಯದ ಆಕಾರದಲ್ಲಿ ತೆರೆದುಕೊಳ್ಳುವ ಚೌಕಟ್ಟು, ಸಿನಿಮಾ ಹಾಡಿನ ಲಯಕ್ಕೆ ನಿಧಾನವಾಗಿ ಬೀಳುವ ಅಕ್ಕಿಕಾಳು. ಆದರೆ ದಾವಣಗೆರೆ, ಹರಿಹರದಂಥ ಊರುಗಳಲ್ಲಿ ಒಂದು ಸಾಧಾರಣ ಕುಟುಂಬ ತಾನೇ ದುಡ್ಡು ಹಾಕಿ, ತಾನೇ ನಟಿಸಿ, ತಾನೇ ಕೂತು ನೋಡುವ ಒಂದೇ ಒಂದು ಚಲನಚಿತ್ರ ಅದು. ಹೊಸ ಅಲೆಯ ಸಿನಿಮಾಗಳ ಬಗ್ಗೆ ಪುಟಗಟ್ಟಲೆ ಬರೆದ ನಾವು ಇದರ ಬಗ್ಗೆ ನಾಲ್ಕು ಸಾಲನ್ನೂ ಗಂಭೀರವಾಗಿ ಬರೆಯಲಿಲ್ಲ ಎಂಬುದು ನನ್ನ ತಕರಾರು.

ತಕರಾರು ಹುಟ್ಟಿದ್ದು ಸುಮ್ಮನೆ ಅಲ್ಲ. ನೆಂಟರು, ಗೆಳೆಯರು ತಮ್ಮ ಹಳೆಯ ಮಿನಿ ಡಿವಿ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸಿಕೊಡಿ ಎಂದು ನನ್ನ ಬಳಿ ತಂದು ಹಾಕಿದ್ದಾರೆ. ಇಪ್ಪತ್ತಕ್ಕೂ ಹೆಚ್ಚಿವೆ. ಬಹುಪಾಲು 2003ರಿಂದ 2009ರ ನಡುವಿನವು. ಈ ಕೆಲಸದಲ್ಲಿ ಅಡ್ಡದಾರಿ ಇಲ್ಲ: ಅರವತ್ತು ನಿಮಿಷದ ಟೇಪು ಇಳಿಯಲು ಅರವತ್ತು ನಿಮಿಷವೇ ಬೇಕು. ಹಾಗಾಗಿ ಪೂರ್ತಿ ನೋಡಿದ್ದೇನೆ. ಎಡಿಟ್ ಆಗದ, ಹಾಡು ಸೇರಿಸದ, ಮೂಲ ಟೇಪುಗಳು. ಎಡಿಟ್ ಮಾಡಿದ ಸಿಡಿಯಲ್ಲಿ ಕಾಣದ ಒಂದು ಸಂಗತಿ ಇವುಗಳಲ್ಲಿ ಎದ್ದು ಕಂಡಿತು. ಅದು ವೈಡ್ ಲೆನ್ಸು.

ಆ ಕಾಲದ ವಿಡಿಯೊದವರ ಚೀಲದಲ್ಲಿ ಕ್ಯಾಮೆರಾ, ಬ್ಯಾಟರಿ, ಹ್ಯಾಲೊಜೆನ್ ಲೈಟು, ವೈರಿನ ಸುತ್ತು ಇವುಗಳ ಜೊತೆಗೆ ಒಂದು ದಪ್ಪ ಗಾಜಿನ ಬಿಲ್ಲೆ ಇರುತ್ತಿತ್ತು. ಹ್ಯಾಂಡಿಕ್ಯಾಮಿನ ಮೂತಿಯ ತಿರುಪಿಗೆ ಇದನ್ನು ತಿರುಗಿಸಿ ಕೂರಿಸುತ್ತಿದ್ದರು. ಮೇಲೆ 0.7 ಅಂತಲೋ 0.5 ಅಂತಲೋ ಬರೆದಿರುತ್ತಿತ್ತು. ಇದು ಸ್ವತಂತ್ರವಾದ ಲೆನ್ಸಲ್ಲ. ದುರ್ಬೀನನ್ನು ತಿರುವಿ ಹಿಡಿದು ನೋಡಿದರೆ ಲೋಕವೆಲ್ಲ ಚಿಕ್ಕದಾಗಿ ದೂರ ಸರಿಯುತ್ತದಲ್ಲ, ಅದೇ ಉಪಾಯ. ಮುಂದೆ ಬೆಳಕನ್ನು ಚದುರಿಸುವ ತಗ್ಗು ಗಾಜು, ಹಿಂದೆ ಅದನ್ನು ಮತ್ತೆ ಸಮಾನಾಂತರಕ್ಕೆ ತರುವ ಉಬ್ಬು ಗಾಜು. ಕ್ಯಾಮೆರಾದ ಫೋಕಸ್ಸು ಹೆಚ್ಚು ಕೆಡುವುದಿಲ್ಲ, ನೋಟ ಮಾತ್ರ ಅಗಲವಾಗುತ್ತದೆ.

ಇದು ಬೇಕಾಯಿತು ಏಕೆಂದರೆ ಹ್ಯಾಂಡಿಕ್ಯಾಮುಗಳು ಹುಟ್ಟಿನಿಂದಲೇ ಕಿರಿದೃಷ್ಟಿಯವು. ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಗಿರಾಕಿಯನ್ನು ಸೆಳೆದದ್ದು '20 ಎಕ್ಸ್ ಜೂಮ್' ಎಂಬ ಅಂಕಿ. ದೂರದ್ದನ್ನು ಹತ್ತಿರ ತರುವುದನ್ನು ಮಾರಬಹುದು, ಹತ್ತಿರದ್ದನ್ನು ಅಗಲವಾಗಿ ತೋರಿಸುವುದನ್ನು ಮಾರುವುದು ಕಷ್ಟ. ಆದ್ದರಿಂದ ಹೆಚ್ಚಿನ ಹ್ಯಾಂಡಿಕ್ಯಾಮುಗಳ ಅತಿ ಅಗಲದ ನೋಟವೇ ಹಳೆಯ 35 ಎಂ.ಎಂ. ಫೋಟೊ ಕ್ಯಾಮೆರಾದ ಲೆಕ್ಕದಲ್ಲಿ 40-45 ಎಂ.ಎಂ.ನ ಸುಮಾರಿನದು. ಹತ್ತಡಿ ದೂರದಲ್ಲಿ ನಿಂತರೆ ಎಂಟೂವರೆ ಅಡಿ ಅಗಲ ಕಾಣುತ್ತದೆ. 0.5ರ ಬಿಲ್ಲೆ ಹಾಕಿದರೆ ಅದೇ ಜಾಗದಿಂದ ಹದಿನೇಳು ಅಡಿ. ಮದುಮಕ್ಕಳ ಎರಡೂ ಕಡೆ ತಂದೆತಾಯಿ, ಸೋದರಮಾವ, ಹಿಂದೆ ನಿಂತ ಕಳಸಗಿತ್ತಿ ಎಲ್ಲರೂ ಒಳಗೆ.

'ವೈಡ್ ಹಾಕ್ರಿ, ಎಲ್ಲಾರೂ ಬರ್ಲಿ' ಎಂಬ ಮಾತು ಈ ಟೇಪುಗಳಲ್ಲಿ ನನಗೆ ಹಲವು ಸಲ ಕೇಳಿಸಿತು. ಕ್ಯಾಮೆರಾದ ಹಿಂದೆ ನಿಂತ ಯಾವುದೋ ಹಿರಿಯರ ಗಂಟಲು. ಹೇಳುವವರು ಬೇರೆ ಬೇರೆ, ಮಾತು ಒಂದೇ. ಈ 'ಎಲ್ಲಾರೂ' ಸೌಂದರ್ಯದ ಬೇಡಿಕೆಯಲ್ಲ, ಲೆಕ್ಕದ ಬೇಡಿಕೆ. ಮಂಟಪದ ಬಾಗಿಲಲ್ಲಿ ಒಬ್ಬರು ನೋಟ್‌ಬುಕ್ ಹಿಡಿದು ಮುಯ್ಯಿ ಬರೆದುಕೊಳ್ಳುತ್ತಾರಲ್ಲ, ವಿಡಿಯೊ ಅದರದೇ ಇನ್ನೊಂದು ಪ್ರತಿ. ಯಾರು ಬಂದರು, ಯಾರು ಅಕ್ಕಿಕಾಳು ಹಾಕಿದರು, ಯಾರು ಉಂಡರು. ಮುಂದೆ ಯಾವತ್ತೋ 'ನಾನು ನಿಮ್ಮ ಮದುವೆಗೆ ಬಂದಿದ್ದೆ' ಎಂಬ ಮಾತಿಗೆ ಸಾಕ್ಷಿ ಬೇಕು. ಊಟದ ಪಂಕ್ತಿಯ ಮೇಲೆ ಕಣ್ಣು ಕುಕ್ಕುವ ಬೆಳಕು ಚೆಲ್ಲಿ, ಬಾಯ್ತುಂಬ ತುತ್ತಿಟ್ಟುಕೊಂಡವರನ್ನು ಬಿಡದೆ ಚಿತ್ರಿಸಿದ್ದರ ಹಿಂದೆ ಇರುವುದೂ ಇದೇ. ಕಲೆಯೆಂದು ನೋಡಿದರೆ ಅದು ಅಸಹ್ಯ, ಹಾಜರಿ ಪುಸ್ತಕವೆಂದು ನೋಡಿದರೆ ಅಚ್ಚುಕಟ್ಟು. ಮದುವೆ ವಿಡಿಯೊವನ್ನು ಗೇಲಿ ಮಾಡುವವರು ಈ ಎರಡನೆಯದನ್ನು ಮರೆಯುತ್ತಾರೆ.

ಆದರೆ ಹಾಜರಿ ಹಾಕುವುದಕ್ಕೂ ನೋಡುವುದಕ್ಕೂ ವ್ಯತ್ಯಾಸವಿದೆ. ನನ್ನ ವಿಮರ್ಶೆ ಶುರುವಾಗುವುದು ಇಲ್ಲಿಂದ. ಮೂರು ಟೇಪುಗಳನ್ನು ಪಕ್ಕಪಕ್ಕ ಇಟ್ಟು ಹೇಳುತ್ತೇನೆ. ಮನೆಗಳ ಹೆಸರು ಬೇಡ.

ಮೊದಲನೆಯದು ದಾವಣಗೆರೆಯ ಒಂದು ದೊಡ್ಡ ಕಲ್ಯಾಣ ಮಂಟಪದ ಆರತಕ್ಷತೆ. ಸಾವಿರ ಜನ ಹಿಡಿಯುವ ಹಾಲು. ಈ ವಿಡಿಯೊದವರಿಗೆ ಹಿಂದೆ ಸರಿಯಲು ಬೇಕಾದಷ್ಟು ಜಾಗವಿತ್ತು, ಸರಿದಿದ್ದಾರೆ. ಸರಿದ ಮೇಲೂ ವೈಡ್ ತೆಗೆದಿಲ್ಲ. ಫಲ ಏನೆಂದರೆ ಚೌಕಟ್ಟಿನ ಕೆಳಗಿನ ಅರ್ಧ ಕುರ್ಚಿಗಳ ಬೆನ್ನು, ಮೇಲಿನ ಕಾಲುಭಾಗ ಫ್ಯಾನು ಮತ್ತು ಟ್ಯೂಬ್‌ಲೈಟು, ನಡುವೆ ಬೆಂಕಿಪೊಟ್ಟಣದಷ್ಟು ವೇದಿಕೆ, ಅದರಲ್ಲಿ ಇಬ್ಬರು. ಹತ್ತಿರವಿರುವುದನ್ನು ದೊಡ್ಡದಾಗಿಯೂ ದೂರವಿರುವುದನ್ನು ತೀರ ಚಿಕ್ಕದಾಗಿಯೂ ತೋರಿಸುವುದು ಅಗಲ ನೋಟದ ಸ್ವಭಾವ. ಹಾಲಿನ ಹಿಂದಿನಿಂದ ತೆಗೆದಾಗ ಅತ್ಯಂತ ಹತ್ತಿರವಿದ್ದದ್ದು ಖಾಲಿ ಕುರ್ಚಿ. ಎಲ್ಲರೂ ಬಂದಿದ್ದಾರೆ, ಯಾರೂ ಕಾಣುತ್ತಿಲ್ಲ.

ಇದಕ್ಕೆ ಊರಿನ ಕಣ್ಣೂ ಸ್ವಲ್ಪ ಕಾರಣ ಎಂದು ನನಗೆ ಅನಿಸುತ್ತದೆ. ದಾವಣಗೆರೆ ವೃತ್ತಿ ನಾಟಕದ ಊರು. ಚಿಂದೋಡಿ ಲೀಲಾ ಅವರ ಹೆಸರಿನೊಡನೆ ಬೆಸೆದುಹೋದ ಕೆ.ಬಿ.ಆರ್. ಡ್ರಾಮಾ ಕಂಪನಿ ಈ ಊರಿನದು. ನಮ್ಮ ಮದುವೆಯ ವೇದಿಕೆ ಇವತ್ತಿಗೂ ಕಂಪನಿ ನಾಟಕದ ದರ್ಬಾರು ಸೀನಿನ ಮೊಮ್ಮಗು: ಎರಡು ಸಿಂಹಾಸನ, ಹಿಂದೆ ಬಣ್ಣದ ಪರದೆ, ಎರಡೂ ಬದಿ ಕಂಬ. ಕ್ಯಾಮೆರಾ ಅದನ್ನು ಪ್ರೇಕ್ಷಕನ ಕುರ್ಚಿಯಿಂದ, ಎದುರಿನಿಂದ, ಇಡಿಯಾಗಿ ನೋಡುತ್ತದೆ. ನಾಟಕದಲ್ಲಿ ಇದು ನಡೆಯುತ್ತಿತ್ತು, ಏಕೆಂದರೆ ಕಂಪನಿಯ ನಟಿಯ ದನಿ ಕೊನೆಯ ಸಾಲಿನ ಗಿರಾಕಿಯವರೆಗೂ ಬರುತ್ತಿತ್ತು. ಮದುಮಗಳು ಬಾಯಿ ಬಿಡುವುದಿಲ್ಲವಲ್ಲ.

ಎರಡನೆಯದು ಹರಿಹರದ ಟೇಪು. ದಾವಣಗೆರೆಯಿಂದ ಸುಮಾರು 14 ಕಿಲೋಮೀಟರ್ ದೂರದ ಈ ಊರಿನ ಹಳೆಯ ಓಣಿಯ ಒಂದು ಮನೆ. ಮದುವೆಯ ಹಿಂದಿನ ದಿನ ಮದುಮಗಳಿಗೆ ಅರಿಶಿಣ ಹಚ್ಚುವ ಶಾಸ್ತ್ರ. ನಡುಮನೆ ಹತ್ತಡಿಗೆ ಹನ್ನೆರಡಡಿ ಇದ್ದರೆ ಹೆಚ್ಚು. ಅದರಲ್ಲಿ ಇಪ್ಪತ್ತು ಹೆಂಗಸರು, ಮಕ್ಕಳು, ಒಂದು ಗಾಡ್ರೆಜ್ ಬೀರು. ವಿಡಿಯೊದವರ ಬೆನ್ನು ಗೋಡೆಗೆ ಅಂಟಿದೆ, ಸರಿಯಲು ಜಾಗವಿಲ್ಲ. ಇಲ್ಲಿ ವೈಡ್ ಲೆನ್ಸು ಆಯ್ಕೆಯಲ್ಲ, ಅನಿವಾರ್ಯ. ಈ ಟೇಪಿನ ಹನ್ನೊಂದು ನಿಮಿಷಗಳು ನಾನು ನೋಡಿದ ಒಳ್ಳೆಯ ಚಿತ್ರೀಕರಣಗಳ ಸಾಲಿಗೆ ಸೇರುತ್ತವೆ ಎಂದು ಸಂಕೋಚವಿಲ್ಲದೆ ಹೇಳುತ್ತೇನೆ.

ಮೊದಲ ಗುಣ, ಜೂಮ್ ಇಲ್ಲ. ಅಗ್ಗದ ವೈಡ್ ಬಿಲ್ಲೆ ಹಾಕಿಕೊಂಡು ಜೂಮ್ ಒತ್ತಿದರೆ ಚಿತ್ರ ಮಸುಕಾಗುತ್ತಿತ್ತು. ಆದ್ದರಿಂದ ಬೆರಳು ಸುಮ್ಮನಿರಬೇಕಾಯಿತು. ಆ ಕಾಲದ ಮದುವೆ ವಿಡಿಯೊಗಳಿಗೆ ಅಂಟಿದ ದೊಡ್ಡ ರೋಗ ಉಸಿರಾಡಿದಂತೆ ಒಳಗೆ ಹೊರಗೆ ಆಡುವ ಜೂಮು. ಒಂದು ಕಳಪೆ ಗಾಜು ಆ ರೋಗಕ್ಕೆ ಔಷಧಿಯಾಯಿತು. ಎರಡನೆಯದು, ಕ್ಯಾಮೆರಾ ಸಮೀಪ ಹೋಗಬೇಕಾಯಿತು. ಹ್ಯಾಂಡಿಕ್ಯಾಮಿನ ಮೈಕು ಕ್ಯಾಮೆರಾದ ಮೈಮೇಲೆಯೇ ಇರುತ್ತದೆ, ಕ್ಯಾಮೆರಾ ಎರಡಡಿ ಹತ್ತಿರ ಹೋದರೆ ಕಿವಿಯೂ ಎರಡಡಿ ಹತ್ತಿರ ಹೋಗುತ್ತದೆ. ದೊಡ್ಡ ಹಾಲಿನ ಟೇಪಿನಲ್ಲಿ ಕೇಳಿಸುವುದು ವಾಲಗ ಮತ್ತು ಗದ್ದಲ. ಇಲ್ಲಿ ಅರಿಶಿಣ ಹಚ್ಚುತ್ತಿರುವ ಅತ್ತಿಗೆ ಮದುಮಗಳ ಕಿವಿಯಲ್ಲಿ 'ಕಣ್ಣು ಮುಚ್ಚ್ಕೋ, ಉರೀತದ' ಎಂದದ್ದೂ ಕೇಳಿಸುತ್ತದೆ. ಮೂರನೆಯದು, ಕೈಯಲ್ಲಿ ಹಿಡಿದು ತೆಗೆದರೂ ಚಿತ್ರ ಅಲುಗುವುದಿಲ್ಲ. ಅಗಲ ನೋಟದಲ್ಲಿ ಕೈನಡುಕ ಚಿಕ್ಕದಾಗುತ್ತದೆ.

ಇನ್ನು ಮುಖ ಉಬ್ಬುವ ವಿಚಾರ. ವೈಡ್ ಲೆನ್ಸು ಮೂಗನ್ನು ಗಜ್ಜರಿಯಂತೆ ಮಾಡುತ್ತದೆ ಎಂದು ಸ್ಟುಡಿಯೊದವರೂ ಹೇಳುತ್ತಾರೆ, ಸಿನಿಮಾ ವಿದ್ಯಾರ್ಥಿಗಳೂ ಹೇಳುತ್ತಾರೆ. ಮಾಡುವುದು ಲೆನ್ಸಲ್ಲ, ದೂರ. ಒಂದಡಿ ಹತ್ತಿರದಿಂದ ಬರಿಗಣ್ಣಲ್ಲಿ ನೋಡಿದರೂ ಮೂಗು ಮುಂದೆ, ಕಿವಿ ಹಿಂದೆಯೇ ಇರುತ್ತವೆ. ನಮ್ಮ ಬುದ್ಧಿ ಅದನ್ನು ತಿದ್ದಿಕೊಳ್ಳುತ್ತದೆ, ಅಷ್ಟೆ. ಲೆನ್ಸು ಅಷ್ಟು ಹತ್ತಿರ ಹೋಗಲು ನಮಗೆ ಅನುಮತಿ ಕೊಡುತ್ತದೆ. ಹತ್ತಿರ ಹೋದವರ ಹೊಣೆ ಹೋದವರದೇ.

ಹಾಗೆಂದು ಈ ಬಿಲ್ಲೆಯ ದೋಷಗಳನ್ನು ಮುಚ್ಚಿಡಬೇಕಿಲ್ಲ. ಅಂಚಿನ ನೆಟ್ಟ ಗೆರೆಗಳೆಲ್ಲ ಬಿಲ್ಲಿನಂತೆ ಹೊರಗೆ ಬಾಗುತ್ತವೆ. ಬೀರುವಿಗೆ ಹೊಟ್ಟೆ ಬರುತ್ತದೆ. ಮೂಲೆಗಳು ಮಸುಕು. ಬಿಳಿ ಬಟ್ಟೆಯ ಅಂಚಿಗೆ ನೇರಳೆ ಬಣ್ಣದ ಸೆರಗು ಕಟ್ಟುತ್ತದೆ. ಲೈಟು ಎದುರಾದರೆ ಚಿತ್ರದ ಮೇಲೆ ಹಾಲು ಚೆಲ್ಲಿದಂತೆ. ಕೆಲವು ಬಿಲ್ಲೆಗಳಲ್ಲಿ ನಾಲ್ಕೂ ಮೂಲೆ ಕಪ್ಪಾಗಿ, ಚಿತ್ರ ಕೊಳವೆಯೊಳಗಿಂದ ಕಂಡಂತಾಗುತ್ತದೆ. ಆ ಕಪ್ಪನ್ನು ಹೊರಗೆ ತಳ್ಳಲು ತುಸು ಜೂಮ್ ಮಾಡಿದರೆ, ದುಡ್ಡು ಕೊಟ್ಟು ತಂದ ಅಗಲದಲ್ಲಿ ಕಾಲುಭಾಗ ಹೋಯಿತು.

ಲೆನ್ಸಿನ ಮುಂದೆ ಇನ್ನೊಂದು ಗಾಜು ತಗುಲಿಸುವುದು ಬಡವರ ಉಪಾಯ ಎಂದು ಮೂಗು ಮುರಿಯುವವರಿಗೆ ಒಂದು ಮಾತು. ಸಿನಿಮಾಸ್ಕೋಪ್ ಹುಟ್ಟಿದ್ದೇ ಹೀಗೆ. ಫ್ರಾನ್ಸಿನ ಆನ್ರಿ ಕ್ರೆತಿಯೆನ್ ರೂಪಿಸಿದ ಹೈಪರ್ಗೊನಾರ್ ಎಂಬ ಗಾಜನ್ನು ಸಾಮಾನ್ಯ ಲೆನ್ಸಿನ ಮುಂದೆ ತಗುಲಿಸಿ, ಅಗಲದ ನೋಟವನ್ನು ಅಡ್ಡಕ್ಕೆ ಹಿಂಡಿ ಫಿಲ್ಮಿನ ಮೇಲೆ ಕೂರಿಸುತ್ತಿದ್ದರು. 1953ರ 'ದಿ ರೋಬ್' ಈ ತಂತ್ರದ ಮೊದಲ ಚಿತ್ರವಾಗಿ ತೆರೆಗೆ ಬಂತು. ಆರಂಭದ ಆ ಗಾಜುಗಳಲ್ಲಿ ಸಮೀಪದಿಂದ ತೆಗೆದ ಮುಖಗಳು ಊದಿಕೊಂಡು ಕಾಣುತ್ತಿದ್ದವು. ಹಾಲಿವುಡ್ಡಿನವರು ಅದಕ್ಕೆ ಮಂಗಬಾವು ಎಂದೇ ಹೆಸರಿಟ್ಟಿದ್ದರು! ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ 1959ರ 'ಕಾಗಜ್ ಕೆ ಫೂಲ್' ಅನ್ನು ಚಿತ್ರೀಕರಿಸಿದವರು ಮೈಸೂರಿನ ವಿ.ಕೆ. ಮೂರ್ತಿ. ಅಗಲವಾದ ಚೌಕಟ್ಟನ್ನು ಜನರಿಂದ ತುಂಬದೆ, ಖಾಲಿ ಸ್ಟುಡಿಯೊದ ಕತ್ತಲಿನಿಂದಲೂ ಮೇಲಿನಿಂದ ಇಳಿಯುವ ಬೆಳಕಿನ ಕಂಬದಿಂದಲೂ ತುಂಬಿದರು. 'ಎಲ್ಲಾರೂ ಬರ್ಲಿ' ಎಂಬುದಕ್ಕೆ ನೇರ ಎದುರು ನಿಂತ ಕಲ್ಪನೆ ಅದು.

ಮತ್ತೆ ಹರಿಹರದ ನಡುಮನೆಗೆ ಬರೋಣ. ಟೇಪಿನ ಹನ್ನೊಂದು ನಿಮಿಷಗಳಲ್ಲಿ ಸುಮಾರು ಏಳು ನಿಮಿಷ ಚೌಕಟ್ಟಿನ ಎಡ ಮೇಲ್ಮೂಲೆಯಲ್ಲಿ ಅಡುಗೆಮನೆಯ ಬಾಗಿಲಿದೆ. ಬಾಗಿಲಲ್ಲಿ ವಯಸ್ಸಾದ ಒಬ್ಬ ಹೆಂಗಸು ನಿಂತಿದ್ದಾರೆ. ಮದುಮಗಳ ಸೋದರತ್ತೆ, ಗಂಡ ತೀರಿಕೊಂಡವರು. ಶಾಸ್ತ್ರದಲ್ಲಿ ಅವರಿಗೆ ಪಾಲಿಲ್ಲ, ಹಾಗಾಗಿ ಹೊಸ್ತಿಲು ದಾಟಿಲ್ಲ. ಅರಿಶಿಣದ ಬಟ್ಟಲು ಖಾಲಿಯಾದಾಗ ಒಬ್ಬ ಹುಡುಗಿ ಬಾಗಿಲಿಗೆ ಹೋಗುತ್ತಾಳೆ, ಅವರು ಒಳಗಿನಿಂದ ತುಂಬಿ ತಂದು ಕೊಡುತ್ತಾರೆ. ಬಟ್ಟಲು ಹೊಸ್ತಿಲಿನಿಂದ ಈಚೆ ಬರುತ್ತದೆ, ಕೈ ಬರುವುದಿಲ್ಲ. ಇದು ಮೂರು ಸಲ ನಡೆಯುತ್ತದೆ. ಮದುವೆಯ ಫೋಟೊ ಆಲ್ಬಮ್ಮಿನಲ್ಲಿ ಅವರ ಒಂದು ಫೋಟೊವೂ ಇಲ್ಲ ಎಂದು ಮನೆಯವರೇ ಹೇಳಿದರು. ಬಿಲ್ಲೆಯಿಲ್ಲದ ಹ್ಯಾಂಡಿಕ್ಯಾಮಾಗಿದ್ದರೆ ಟೇಪಿನಲ್ಲೂ ಇರುತ್ತಿರಲಿಲ್ಲ.

'ಸಿಟಿಜನ್ ಕೇನ್' (1941) ನೋಡಿದವರಿಗೆ ಆ ದೃಶ್ಯ ನೆನಪಿರಬಹುದು: ಒಳಗೆ ಮೇಜಿನ ಸುತ್ತ ಹುಡುಗನ ಭವಿಷ್ಯ ತೀರ್ಮಾನವಾಗುತ್ತಿದೆ, ಹಿಂದಿನ ಕಿಟಕಿಯಾಚೆ ಹುಡುಗ ಹಿಮದಲ್ಲಿ ಆಡುತ್ತಿದ್ದಾನೆ, ಎರಡೂ ಸ್ಪಷ್ಟ. ಹೀಗೆ ಹತ್ತಿರದ್ದೂ ದೂರದ್ದೂ ಒಟ್ಟಿಗೆ ತಿಳಿಯಾಗಿ ಕಾಣಲು ಛಾಯಾಗ್ರಾಹಕ ಗ್ರೆಗ್ ಟೋಲಂಡ್ ಅಗಲ ಲೆನ್ಸು, ಕಿರಿದಾದ ದ್ವಾರ, ಪ್ರಖರ ದೀಪಗಳು ಎಲ್ಲವನ್ನೂ ಹೊಂದಿಸಬೇಕಾಯಿತು. ಇಂಥ ಚಿತ್ರದಲ್ಲಿ ಎಲ್ಲಿ ನೋಡಬೇಕೆಂಬ ಸ್ವಾತಂತ್ರ್ಯ ಪ್ರೇಕ್ಷಕನಿಗೆ ಉಳಿಯುತ್ತದೆ ಎಂದು ಆಂದ್ರೆ ಬಜಾನ್ ವಾದಿಸಿದರು. ಹ್ಯಾಂಡಿಕ್ಯಾಮಿಗೆ ಈ ಸಿದ್ಧಿ ಪುಕ್ಕಟೆ ಬಂದದ್ದು. ಅದರ ಸೆನ್ಸರ್ ಕಿರುಬೆರಳಿನ ಉಗುರಿಗಿಂತ ಚಿಕ್ಕದು. ಅಷ್ಟು ಚಿಕ್ಕ ಸೆನ್ಸರಿಗೆ ಹೊಂದುವ ಲೆನ್ಸಿನಲ್ಲಿ ಬಟ್ಟಲೂ ಬಾಗಿಲೂ ಒಟ್ಟಿಗೆ ಫೋಕಸ್ಸಿನಲ್ಲಿರುತ್ತವೆ. ಟೋಲಂಡ್ ಬೆವರು ಸುರಿಸಿ ಪಡೆದದ್ದನ್ನು ಮದುವೆ ವಿಡಿಯೊದವರು ಬ್ಯಾಟರಿ ಹಾಕಿ ಪಡೆದರು.

ಇಲ್ಲಿ ಒಬ್ಬ ಗೆಳೆಯ ಆಕ್ಷೇಪಿಸಿದ. ವಿಡಿಯೊದವರು ಸೋದರತ್ತೆಯನ್ನು ನೋಡಿರಲಾರರು, ಅದು ಆಕಸ್ಮಿಕ, ಆಕಸ್ಮಿಕಕ್ಕೆ ಬಜಾನ್ ಹೆಸರು ಹಚ್ಚುವುದು ಅತಿಯಾಯಿತು ಎಂದ. ನೋಡಿರಲಾರರು ಎಂಬುದನ್ನು ನಾನು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. ನಾಲ್ಕನೆಯ ನಿಮಿಷದಲ್ಲಿ ಒಬ್ಬರು ಅಡ್ಡ ಬಂದಾಗ ಕ್ಯಾಮೆರಾ ಅರ್ಧ ಅಡಿ ಬಲಕ್ಕೆ ಸರಿದು ಬಾಗಿಲನ್ನು ಮತ್ತೆ ಒಳಗೆ ತಂದುಕೊಳ್ಳುತ್ತದೆ. ಆಕಸ್ಮಿಕವೇ ಎಂದಿಟ್ಟುಕೊಂಡರೂ ನನ್ನ ವಾದಕ್ಕೆ ಕುಂದಿಲ್ಲ. ವಿಧವೆಯನ್ನು ಚೌಕಟ್ಟಿನ ನಡುವೆ ತಂದು ನಿಲ್ಲಿಸಿದ್ದು ನಮ್ಮ ಹೊಸ ಅಲೆಯ ಚಿತ್ರಗಳು. 'ಘಟಶ್ರಾದ್ಧ' (1977), 'ಫಣಿಯಮ್ಮ' (1983) ಮಾಡಿದ ಕೆಲಸ ದೊಡ್ಡದು. ಆದರೆ ನಡುವೆ ತಂದ ಕೂಡಲೇ ಅವಳು ಕಥಾನಾಯಕಿಯಾಗುತ್ತಾಳೆ, ಲೋಕ ಅವಳ ಸುತ್ತ ತಿರುಗುತ್ತದೆ. ನಿಜದ ನಡುಮನೆಯಲ್ಲಿ ಲೋಕ ಅವಳ ಸುತ್ತ ತಿರುಗುವುದಿಲ್ಲ. ಈ ಟೇಪು ಅವರನ್ನು ಅವರಿದ್ದ ಮೂಲೆಯಲ್ಲೇ, ತುಸು ಬಾಗಿದಂತೆ, ಬಿಳಿ ಸೀರೆಯಂಚಿಗೆ ನೇರಳೆ ಗೆರೆ ಕಟ್ಟಿಕೊಂಡು ತೋರಿಸುತ್ತದೆ. ನೋಡುವವರು ಹುಡುಕಿಕೊಳ್ಳಬೇಕು.

ಕಾದಂಬರಿ ಓದುವವರಿಗೆ ಇದು ಹೊಸದಲ್ಲ. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' (1967) ಹೆಸರಿನಲ್ಲೇ ಮದುಮಗಳನ್ನು ಇಟ್ಟುಕೊಂಡರೂ ಒಬ್ಬ ಮದುಮಗಳ ಕಥೆಯಲ್ಲ. ಗುತ್ತಿಯ ನಾಯಿ ಹುಲಿಯನಿಗೂ ಅದರಲ್ಲಿ ಒಬ್ಬ ಹೆಗ್ಗಡೆಗೆ ಸಿಗುವಷ್ಟೇ ಗಮನ ಸಿಗುತ್ತದೆ. ಆ ಅಗಲ ಬಂದದ್ದು ಬೆಟ್ಟದ ತುದಿಯಲ್ಲಿ ನಿಂತು ನೋಡಿದ್ದರಿಂದಲ್ಲ, ಒಬ್ಬೊಬ್ಬರ ಹತ್ತಿರಕ್ಕೂ ಹೋಗಿ ಅಲ್ಲಿಂದ ಸುತ್ತಲನ್ನು ನೋಡಿದ್ದರಿಂದ. ದಾವಣಗೆರೆಯ ಹಾಲಿನ ಟೇಪಿಗೂ ಹರಿಹರದ ನಡುಮನೆಯ ಟೇಪಿಗೂ ಇರುವ ಅಂತರ ಅದೇ. ಬಿಲ್ಲೆ ಒಂದೇ, ನಿಂತ ಜಾಗ ಬೇರೆ.

ಮೂರನೆಯ ಟೇಪಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮದುವೆಯಾದ ಮರುದಿನ ಮದುಮಕ್ಕಳು ಹರಿಹರೇಶ್ವರನ ದರ್ಶನಕ್ಕೆ ಬಂದದ್ದು. ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಕಟ್ಟಿಸಿದ ಗುಡಿ. ಅದರ ಮಂಟಪದ ಕಂಬಗಳು ತಿರುಗಣಿಗೆ ಕೊಟ್ಟು ಕಡೆದು ನಯಗೊಳಿಸಿದವು, ಮೈತುಂಬ ಉಂಗುರದಂಥ ಗೆರೆಗಳು. ವೈಡ್ ಬಿಲ್ಲೆಯ ಮುಂದೆ ಅಂಚಿನ ಕಂಬಗಳು ಬಾಳೆದಿಂಡು ಬಗ್ಗಿದಂತೆ ಬಗ್ಗಿವೆ. ಹಾಗೂ ಚೆನ್ನಾಗಿದೆ. ಕಂಬಗಳ ನಡುವೆ ನಿಂತವರಿಗೆ ಮಂಟಪ ಮೈಮೇಲೆ ಬಂದಂತೆ ಅನಿಸುತ್ತದಲ್ಲ, ಅದು ಸಿಕ್ಕಿದೆ. ಆದರೆ ಅದೇ ಕ್ಯಾಮೆರಾ ಹೊರಗೆ ಬಂದು ತುಂಗಭದ್ರೆಯ ಕಡೆ ತಿರುಗಿದಾಗ ಸೋಲುತ್ತದೆ. ಹೊಳೆ ದಾರದ ಎಳೆಯಷ್ಟಾಗುತ್ತದೆ, ಸೇತುವೆ ಬೆಂಕಿಕಡ್ಡಿ. ನಿಜಕ್ಕೂ ಅಗಲವಾದದ್ದನ್ನು ತೋರಿಸಲು ಅಗಲದ ಲೆನ್ಸು ಕೆಲಸಕ್ಕೆ ಬರುವುದಿಲ್ಲ. ಬಿಲ್ಲೆ ತೆಗೆದು, ನಿಧಾನವಾಗಿ ಈ ದಡದಿಂದ ಆ ದಡಕ್ಕೆ ಕ್ಯಾಮೆರಾ ತಿರುಗಿಸಿದ್ದರೆ ಹೊಳೆಯ ಅಗಲ ನಮ್ಮ ಕಾಲಕ್ಕೆ ಬರುತ್ತಿತ್ತು.

ಈಗ ಆ ಬಿಲ್ಲೆಗಳು ಯಾರಿಗೂ ಬೇಡ. 2019ರಲ್ಲಿ ಬಂದ ಐಫೋನ್ 11ರಿಂದೀಚೆಗೆ ಹೆಚ್ಚಿನವರ ಜೇಬಿನಲ್ಲಿ 0.5 ಎಂಬ ಗುಂಡಿ ಇದೆ. ಬಾಗಿದ ಗೆರೆಗಳನ್ನು ಫೋನೇ ನೆಟ್ಟಗೆ ಮಾಡಿಕೊಡುತ್ತದೆ, ಬದಲಿಗೆ ಅಂಚಿನಲ್ಲಿ ನಿಂತವರ ತಲೆಯನ್ನು ಕುಂಬಳಕಾಯಿಯಂತೆ ಎಳೆಯುತ್ತದೆ. ಗ್ರೂಪ್ ಫೋಟೊದಲ್ಲಿ ಅಂಚಿಗೆ ಯಾರು ನಿಲ್ಲುತ್ತಾರೆ ಎಂಬುದು ನಮಗೆಲ್ಲ ಗೊತ್ತೇ ಇದೆ. ಇನ್ನು ಮದುವೆ ಮಂಟಪದ ಮೇಲೆ ಹಾರುವ ಡ್ರೋನು ಬಂದಿದೆ. ಅದಕ್ಕೆ ಶಾಮಿಯಾನದ ನೆತ್ತಿ ಬಿಟ್ಟರೆ ಬೇರೆ ಏನೂ ಕಾಣುವುದಿಲ್ಲ. ಆ ಹಾಲಿನ ಟೇಪಿನ ಕಾಯಿಲೆಯೇ ಆಕಾಶಕ್ಕೆ ಏರಿದೆ.

ಹರಿಹರದ ಟೇಪು ಇಳಿಸಿ ತೋರಿಸಿದಾಗ ಮದುಮಗಳ ಅಣ್ಣ ಒಂದು ಬೇಡಿಕೆ ಇಟ್ಟರು. 'ಬಾಗ್ಲು, ಬೀರು ಎಲ್ಲಾ ಸೊಟ್ಟ ಕಾಣ್ತಾವಲ್ರೀ ಸರ, ನೆಟ್ಟಗ ಮಾಡಿ ಕೊಡ್ರಿ.' ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ಅದಕ್ಕೆ ಸೌಲಭ್ಯವಿದೆ. ಒಂದು ಗುಂಡಿ ಎಳೆದರೆ ಬಾಗಿದ ಗೆರೆಗಳು ನೆಟ್ಟಗಾಗುತ್ತವೆ. ನೆಟ್ಟಗಾಗುವಾಗ ಮೂಲೆಗಳು ಹೊರಕ್ಕೆ ಎಳೆದುಕೊಂಡು ಚೌಕಟ್ಟಿನಾಚೆ ಹೋಗುತ್ತವೆ. ಬೀರು ನೆಟ್ಟಗಾಯಿತು, ಬಾಗಿಲಿನ ಅರ್ಧ ಹೋಯಿತು. ಅರಿಶಿಣದ ಬಟ್ಟಲು ಮಾತ್ರ ಮೂರು ಸಲ ಎಲ್ಲಿಂದಲೋ ತುಂಬಿಕೊಂಡು ಬರುತ್ತದೆ. ಅವರಿಗೆ ಎರಡೂ ಫೈಲು ಕೊಟ್ಟಿದ್ದೇನೆ, ಸೊಟ್ಟದ್ದು ಮತ್ತು ನೆಟ್ಟಗಿನದು.